ಗಂಗೆಯ ಕಬಡ್ಡಿ

ಕಳೆದ ವಾರ ಶಿರಸಿಯ ಒಂದು ಮರದ ಮಿಲ್ಲಿಗೆ ಹೋಗಿದ್ದೆ. ನಮ್ಮ ಮನೆಯ ಹಳೆಯ ಮಂಚಕ್ಕೆ ಒಂದು ಕಾಲು ಬೇಕಾಗಿತ್ತು. ಅಳತೆ ಎಷ್ಟು ಎಂದು ಮಿಲ್ಲಿನವರು ಕೇಳಿದಾಗಲೇ ಅಳತೆ ತೆಗೆದುಕೊಳ್ಳದೆ ಬಂದದ್ದು ನನಗೆ ಹೊಳೆದದ್ದು. ಅಂಗೈಯನ್ನು ಮಂಡಿಯಿಂದ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಹಿಡಿದು ‘ಇಷ್ಟಿರಬಹುದು’ ಎಂದು ತೋರಿಸುತ್ತಿದ್ದೆ. ಅವರು ನಗು ತಡೆದುಕೊಂಡಿದ್ದರು. ಅಷ್ಟರಲ್ಲಿ ಒಳಗೆ ಗರಗಸ ಶುರುವಾಯಿತು. ಹಸಿ ಮರದ ಪುಡಿಯ ವಾಸನೆ ಬಂದು ಮೂಗಿಗೆ ಬಡಿಯಿತು.

ನಿಮಗೆ ಆ ವಾಸನೆಗೆ ಕಿಟಕಿ ಬಾಗಿಲುಗಳು ನೆನಪಾಗಬಹುದು. ನನಗೆ ನೆನಪಾಗುವುದು ಕಬಡ್ಡಿ. ನಮ್ಮ ಕಡೆ ನೆಲವೆಂದರೆ ಕೆಂಪು ಕಲ್ಲಿನ ನೆಲ. ಬಿದ್ದರೆ ಮಂಡಿಯ ಚರ್ಮ ಅಲ್ಲೇ ಉಳಿಯುತ್ತದೆ. ಹಾಗಾಗಿ ಆಟದ ಅಂಕಣಕ್ಕೆ ಮಿಲ್ಲಿನಿಂದ ಗೋಣಿಗಟ್ಟಲೆ ಮರದ ಪುಡಿ ತಂದು ಹರಡುತ್ತಿದ್ದೆವು. ಆ ಪುಡಿ ಕೂದಲಿಗೆ, ಕಿವಿಗೆ, ಮಧ್ಯಾಹ್ನದ ಮಜ್ಜಿಗೆಗೆ ಎಲ್ಲ ಸೇರುತ್ತಿತ್ತು. ಆ ಪುಡಿಯ ಮೇಲೆ ನಿಂತವಳಾಗಿ ನನ್ನ ಕಣ್ಣಿಗೆ ಮೊದಲು ಬರುವುದು ಗಂಗೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಮುಗಿಸಿ, ಭೈರುಂಬೆ ಹತ್ತಿರದ ನಮ್ಮೂರಿನಲ್ಲಿ, ‘ಮುಂದೇನು?’ ಎಂದು ಯಾರಾದರೂ ಕೇಳಿದರೆ ನೀರು ತರುವ ನೆವದಲ್ಲಿ ಒಳಗೆ ಎದ್ದು ಹೋಗುವ ಸ್ಥಿತಿಯಲ್ಲಿದ್ದೆ. ಊರಿನಲ್ಲಿ ಒಂದು ಬಳಗವಿತ್ತು. ಅದಕ್ಕೆ ಉದ್ದನೆಯ ಸಂಸ್ಕೃತ ಹೆಸರೂ ಇತ್ತು, ಆದರೆ ಬ್ಯಾನರಿನಲ್ಲಿ ಬರೆಯುವಾಗ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ಬಳಗ ಅಂದರೆ ಸಾಕಿತ್ತು. ವರ್ಷಕ್ಕೊಮ್ಮೆ ಊರವರಿಗೆಲ್ಲ ಆರೋಗ್ಯ ತಪಾಸಣೆ, ಅದರ ಬೆನ್ನಿಗೇ ಬೇಸಿಗೆ ರಜೆಯ ಮಕ್ಕಳ ಶಿಬಿರ, ಶಿಬಿರದ ಕೊನೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಹುಡುಗ ಹುಡುಗಿಯರ ಆಟೋಟ. ಇದು ಬಳಗದ ವರ್ಷದ ಕೆಲಸ. ಬಳಗಕ್ಕೆ ಒಬ್ಬ ಅಧ್ಯಕ್ಷರಿದ್ದರು, ಅವರು ಭಾಷಣ ಮಾಡುತ್ತಿದ್ದರು. ಉಳಿದದ್ದೆಲ್ಲ ಶಾಂತಕ್ಕನ ಮೇಲೆ.

ಶಾಂತಕ್ಕ ನರ್ಸ್ ಆಗಿ ದುಡಿದು ನಿವೃತ್ತಿಯಾಗಿ ಊರಿಗೆ ಬಂದವರು. ನಿವೃತ್ತಿ ಎಂಬ ಮಾತನ್ನು ಮಾತ್ರ ಅವರು ಒಪ್ಪಿರಲಿಲ್ಲ. ರಸ್ತೆಯಲ್ಲಿ ಎದುರಾದರೆ ನಮಸ್ಕಾರಕ್ಕೂ ಮೊದಲು ನಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ರಕ್ತ ಕಡಿಮೆ, ಸೊಪ್ಪು ತಿನ್ನು’ ಎನ್ನುತ್ತಿದ್ದರು. ಬಳಗದ ಸಭೆಗೆ ನಾನು ತಡವಾಗಿ ಹೋದ ದಿನ ಎಲ್ಲ ಕೆಲಸಗಳೂ ಹಂಚಿ ಮುಗಿದಿದ್ದವು. ಹಾಡು, ಚಿತ್ರ, ಅಡುಗೆ, ಎಲ್ಲಕ್ಕೂ ಜನ ಸಿಕ್ಕಿದ್ದರು.

“ಹುಡುಗಿಯರ ಕಬಡ್ಡಿ ಒಂದು ಉಳಿದಿದ್ದು. ಅದು ನಿಂಗೆ,” ಅಂದರು ಶಾಂತಕ್ಕ.

“ಶಾಂತಕ್ಕ, ನಂಗೆ ಕಬಡ್ಡಿ ಗೊತ್ತಿಲ್ಲೆ.”

“ಅವಕ್ಕೂ ಗೊತ್ತಿಲ್ಲೆ. ಒಟ್ಟಿಗೇ ಕಲ್ತ್ಕಳಿ.”

ಮನೆಗೆ ಬಂದು ಅಮ್ಮನಿಗೆ, ಅಂದರೆ ನಮ್ಮ ಆಯಿಗೆ, ಹೇಳಿದರೆ ಅವಳು ದೋಸೆ ಮಗುಚುವುದನ್ನು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಂತ? ಕಬಡ್ಡಿ ಕಲಿಸಲೆ ಹೋಗ್ತ್ಯ ನೀನು? ಮೊದ್ಲು ಒಂದು ಕೊಡ ನೀರು ಏದುಸಿರು ಬಿಡದೇ ಹೊತ್ಕಂಡು ಬಾ, ನೋಡನ.” ದೋಸೆ ಸೀದಿತು. ಅದಕ್ಕೂ ನಾನೇ ಕಾರಣವೆಂದು ತೀರ್ಮಾನವಾಯಿತು.

ಆ ವರ್ಷದ ಆರೋಗ್ಯ ತಪಾಸಣೆಗೆ ನಾಗಮ್ಮ ತನ್ನ ಮಗಳನ್ನು ಕರೆದುಕೊಂಡು ಬಂದಳು. ನಾಗಮ್ಮನವರದು ಊರಾಚೆ ಗದ್ದೆ ಮಾಡಿಕೊಂಡಿದ್ದ ಕುಟುಂಬ. ಮಗಳು ಗಂಗೆ ಹುಟ್ಟಿನಿಂದ ಕಿವಿ ಕೇಳದವಳು. ಶಾಲೆಗೆ ಕೆಲವು ವರ್ಷ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಕೂತು ಬೇಸರವಾಗಿ ಬಿಟ್ಟಿದ್ದಳು. ಹದಿಹರೆಯದ ಹುಡುಗಿ, ಗಟ್ಟಿ ಭುಜ, ಎದುರಿದ್ದವರ ಮುಖವನ್ನು ರೆಪ್ಪೆ ಬಡಿಯದೆ ನೋಡುವ ಕಣ್ಣು. ಡಾಕ್ಟರು ಎದೆ, ಕಣ್ಣು, ಹಲ್ಲು ಎಲ್ಲ ಪರೀಕ್ಷೆ ಮಾಡಿ, ಕಿವಿಯದೊಂದು ಬಿಟ್ಟರೆ ಕಲ್ಲುಗುಂಡಿನ ಹಾಗಿದ್ದಾಳೆ ಎಂದರು. ನಾಗಮ್ಮ ಅಲ್ಲಿಂದ ನೇರವಾಗಿ ಶಾಂತಕ್ಕನ ಮೇಜಿನ ಮುಂದೆ ಬಂದು ನಿಂತಳು.

“ಡಾಕ್ಟ್ರು ಕಲ್ಲುಗುಂಡು ಅಂದ್ರಲ್ರಾ. ಹಂಗಾರೆ ಆಟಕ್ಕೂ ಸೇರ್ಸ್ಕಳಿ.”

ಶಾಂತಕ್ಕ ಕನ್ನಡಕ ಮೂಗಿನ ತುದಿಗಿಳಿಸಿ ಗಂಗೆಯನ್ನು ನೋಡಿದರು. ಗಂಗೆ ಅವರನ್ನು ನೋಡಿದಳು. ಆಮೇಲೆ ಶಾಂತಕ್ಕ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಆ ನೋಟದ ಅರ್ಥ ತಿಳಿಯಲು ಕಿವಿಯ ಅಗತ್ಯವಿರಲಿಲ್ಲ.

ಶಿಬಿರದ ಮೊದಲ ದಿನವೇ ಗಂಗೆ ನಮಗೆಲ್ಲ ಹೆಸರಿಟ್ಟುಬಿಟ್ಟಳು. ಬಾಯಿಂದ ಕರೆಯುವ ಹೆಸರಲ್ಲ, ಕೈಯಿಂದ ಮಾಡುವ ಹೆಸರು. ಕನ್ನಡಕ ಜಾರಿಸುವಂತೆ ಮೂಗಿನ ಮೇಲೆ ಬೆರಳೆಳೆದರೆ ಶಾಂತಕ್ಕ. ಹೊಟ್ಟೆ ಸವರಿಕೊಂಡು ಕೈ ಎತ್ತಿದರೆ ಅಧ್ಯಕ್ಷರು. ಸೊಂಟದ ಮೇಲೆ ಎರಡೂ ಕೈ ಇಟ್ಟು ಬಾಯಿ ತೆರೆದು ನಿಂತರೆ ನಾನು. ಕಬಡ್ಡಿ ಕಲಿಸುವಾಗ ನಾನು ಹಾಗೇ ನಿಲ್ಲುತ್ತಿದ್ದೆನಂತೆ. ಶಿಬಿರದ ಮಕ್ಕಳೆಲ್ಲ ಎರಡೇ ದಿನದಲ್ಲಿ ಈ ಹೆಸರುಗಳನ್ನು ಕಲಿತು, ನನ್ನ ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ ಬಳಸತೊಡಗಿದರು.

ಆಟ ಅವಳಿಗೆ ಬೇಗ ಹತ್ತಿತು. ಎದುರಿನವಳ ಕಾಲು ಯಾವ ಕಡೆ ತಿರುಗುತ್ತದೆ ಎನ್ನುವುದು ಅವಳ ಕಣ್ಣಿಗೆ ನಮಗಿಂತ ಮೊದಲೇ ಬೀಳುತ್ತಿತ್ತು. ತೊಡಕಾದದ್ದು ಎರಡು ವಿಷಯದಲ್ಲಿ. ಒಂದು, ಸೀಟಿ. ಸೀಟಿ ಊದಿದ ಮೇಲೂ ಅವಳು ಹಿಡಿದವರನ್ನು ಬಿಡುತ್ತಿರಲಿಲ್ಲ; ಹಿಡಿಸಿಕೊಂಡವಳು ‘ಅಯ್ಯೋ ಅಕ್ಕಾ, ಬಿಡಿಸಿ’ ಎಂದು ಕೂಗುತ್ತಿದ್ದಳು. ಅದಕ್ಕೆ ನಾನು ಗೆರೆಯ ಹೊರಗೆ ಒಂದು ಕೆಂಪು ಟವೆಲ್ ಹಿಡಿದು ನಿಂತು, ಸೀಟಿಯಾದ ಕೂಡಲೇ ಬೀಸುವುದೆಂದಾಯಿತು. ತರಬೇತುದಾರಳಾಗಿ ನಾನು ಮಾಡಿದ ಕೆಲಸಗಳಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ ಇರಬೇಕು.

ಎರಡನೆಯದು ‘ಕಬಡ್ಡಿ’ ಎನ್ನುವ ಮಾತು. ಎದುರು ಅಂಕಣಕ್ಕೆ ದಾಳಿ ಹೋದವರು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕಷ್ಟೆ? ಗಂಗೆ ಆ ಶಬ್ದವನ್ನೇ ಕೇಳಿದವಳಲ್ಲ. ಇವಳು ಹಿಡಿಯುವ ಕಡೆಗಷ್ಟೇ ಇರಲಿ, ದಾಳಿಗೆ ಬೇಡ ಎಂದು ನಾನು ಅಂದುಕೊಂಡಿದ್ದೆ. ಶಾಂತಕ್ಕ ಮಾತ್ರ ಒಂದು ಸಂಜೆ ಅಂಕಣದ ಪಕ್ಕ ಕೂತು, ಗಂಗೆಯ ಅಂಗೈಯನ್ನು ತಮ್ಮ ಗಂಟಲ ಮೇಲೆ ಒತ್ತಿ ಇಟ್ಟುಕೊಂಡು “ಕಬಡ್ಡಿ ಕಬಡ್ಡಿ ಕಬಡ್ಡಿ” ಎನ್ನತೊಡಗಿದರು. ಗಂಗೆಯ ಹುಬ್ಬು ಮೇಲೇರಿತು. ಇನ್ನೊಂದು ಕೈಯನ್ನು ತನ್ನ ಗಂಟಲಿಗೆ ಇಟ್ಟುಕೊಂಡಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದು ಕೆಮ್ಮು. ಆಮೇಲೆ, ನಾವೆಲ್ಲ ನೋಡುತ್ತಿದ್ದಂತೆ, ಒಳಗಿನಿಂದ ಒಂದು ದಪ್ಪ ದನಿ ಹೊರಟಿತು: “ಅಬಡಿ ಅಬಡಿ ಅಬಡಿ...” ನಿಲ್ಲಲೇ ಇಲ್ಲ. ಮುಖ ಕೆಂಪಾಗುವವರೆಗೂ ಹೇಳಿದಳು. ಎರಡೂ ಗಂಟಲು ಒಂದೇ ಥರ ನಡುಗುತ್ತಿವೆ ಎಂದು ಗೊತ್ತಾದಾಗ ಅವಳು ನಕ್ಕ ನಗೆ ಇದೆಯಲ್ಲ, ಅದನ್ನು ನಾನು ಬರೆದು ತೋರಿಸಲಾರೆ. ಮಾರನೆಯ ದಿನ ಶಿಬಿರದ ಮಕ್ಕಳೆಲ್ಲ ಒಬ್ಬರ ಗಂಟಲಿಗೆ ಒಬ್ಬರು ಕೈ ಇಟ್ಟುಕೊಂಡು ಅಬಡಿ ಅಬಡಿ ಎಂದು ತಿರುಗುತ್ತಿದ್ದರು. ಊಟಕ್ಕೆ ಕರೆದರೂ ಅದೇ ಉತ್ತರ.

ಆ ಸಲದ ಆಟೋಟ ಯಲ್ಲಾಪುರದ ಸರದಿ, ನಂದೊಳ್ಳಿಯ ಬಯಲಿನಲ್ಲಿ. ನಾವು ಟೆಂಪೋದಲ್ಲಿ ಹೊರಟೆವು. ಆಯಿ ಡಬ್ಬಿ ತುಂಬ ಅವಲಕ್ಕಿ ಕಟ್ಟಿಕೊಟ್ಟಿದ್ದಳು. ನನ್ನ ಕಬಡ್ಡಿಯ ಮೇಲೆ ನಂಬಿಕೆ ಇಲ್ಲದಿದ್ದರೂ ಹಸಿವಿನ ಮೇಲೆ ಇತ್ತು. ನಾಗಮ್ಮನೂ ಗದ್ದೆ ಕೆಲಸ ಬಿಟ್ಟು ಹೊರಟು ಬಂದಳು. ಬಯಲಿನಲ್ಲಿ ಮುರುಗಲು ಹಣ್ಣಿನ ಪಾನಕದ ಹಂಡೆ, ಮೈಕಿನಲ್ಲಿ ಅಧ್ಯಕ್ಷರು. ಸಿದ್ದಾಪುರದವರನ್ನು ಸೋಲಿಸಿ ನಾವು ಕೊನೆಯ ಆಟಕ್ಕೆ ಬಂದದ್ದು ನಮಗೇ ಆಶ್ಚರ್ಯ. ಸಿದ್ದಾಪುರದವರೊಂದಿಗಿನ ಆಟದಲ್ಲಿ ಗಂಗೆಯನ್ನು ದಾಳಿಗೆ ಕಳಿಸುವ ಧೈರ್ಯ ನನಗಾಗಿರಲಿಲ್ಲ.

ಕೊನೆಯ ಆಟ ಯಲ್ಲಾಪುರ ಕಡೆಯ ತಂಡದೊಂದಿಗೆ. ಅವರ ನಾಯಕಿ ಲಕ್ಷ್ಮಿ ಎಂಬ ಎತ್ತರದ ಸಿದ್ದಿ ಹುಡುಗಿ. ಅವಳು ಅಂಕಣಕ್ಕೆ ಇಳಿದರೆ ನಮ್ಮವರು ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾವು ಹಿಂದೆ ಬೀಳುತ್ತಿದ್ದೆವು. ಗಂಗೆ ನನ್ನ ಕಡೆ ತಿರುಗಿ ಎದೆ ಮುಟ್ಟಿಕೊಂಡು ಎದುರು ಅಂಕಣ ತೋರಿಸಿದಳು: ನಾನು ಹೋಗುತ್ತೇನೆ. ನಾನು ಶಾಂತಕ್ಕನನ್ನು ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ‘ಹೋಗು’ ಎಂದು ಕೈ ಮಾಡಿದೆ.

ಗಂಗೆ ಗೆರೆ ದಾಟಿದಳು. “ಅಬಡಿ ಅಬಡಿ ಅಬಡಿ...” ಒಬ್ಬಳನ್ನು ಮುಟ್ಟಿ ವಾಪಸು ಬಂದಳು. ಕೂಡಲೇ ಎದುರು ತಂಡದ ಮೇಲ್ವಿಚಾರಕರು ಎದ್ದು ನಿಂತರು. ಕೆಟ್ಟ ಮನುಷ್ಯರಲ್ಲ, ನಿಯಮ ಅಂದರೆ ನಿಯಮ ಎನ್ನುವವರು. ಅದು ಕಬಡ್ಡಿ ಎಂದು ಸ್ಪಷ್ಟವಾಗಿ ಕೇಳುತ್ತಿಲ್ಲ, ಪಾಯಿಂಟು ಕೊಡುವಂತಿಲ್ಲ, ಆ ಹುಡುಗಿಯನ್ನು ದಾಳಿಗೆ ಕಳಿಸುವಂತೆಯೂ ಇಲ್ಲ ಎಂದರು. ನಾಗಮ್ಮ ಎದ್ದು ನಿಂತಳು. ರೆಫರಿ ಮಾಸ್ತರು ಸೀಟಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಯೋಚನೆಗೆ ಬಿದ್ದರು. ಗಂಗೆ ಒಬ್ಬೊಬ್ಬರ ತುಟಿಯನ್ನೂ ನೋಡುತ್ತ ನಡುವೆ ನಿಂತಿದ್ದಳು. ಮಾತು ತನ್ನ ಬಗ್ಗೆಯೇ ಎಂದು ಅವಳಿಗೆ ಗೊತ್ತಾಗಿತ್ತು. ನನ್ನ ಕೈಯಲ್ಲಿದ್ದ ಟವೆಲ್ ಒದ್ದೆಯಾಗುವಷ್ಟು ಬೆವರಿದ್ದೆ.

ಆಗ ಲಕ್ಷ್ಮಿ ಮುಂದೆ ಬಂದಳು. “ಸರ, ಹಿಡಿಯೋರು ನಾವ್ರಿ. ಅಕಿ ಉಸಿರು ನಮಗ ಕೇಳ್ತೈತಿ. ಉಸಿರು ನಿಂತ್ರೂ ಗೊತ್ತಾಗ್ತೈತಿ. ಆಡ್ಸ್ರಿ.”

ಅವರ ಮೇಲ್ವಿಚಾರಕರು, “ಸೋತ್ರೆ ಆಮೇಲೆ ಅಳಬಾರದು ನೋಡು,” ಅಂದರು.

“ಸೋಲೋದಿಲ್ಲ ಬಿಡ್ರಿ,” ಎಂದು ಲಕ್ಷ್ಮಿ ಮರದ ಪುಡಿಯಲ್ಲಿ ಅಂಗೈ ಉಜ್ಜಿಕೊಂಡಳು. ಮಾಸ್ತರು ಸೀಟಿ ಊದಿದರು. ನಾನು ಟವೆಲ್ ಬೀಸಿದೆ.

ಆಮೇಲಿನದು ಎಂಥ ಆಟವಾಯಿತೆಂದರೆ, ಪಾನಕ ಹಂಚುವವರೂ ಸೌಟು ಹಿಡಿದುಕೊಂಡೇ ಓಡಿ ಬಂದರು. ಗಂಗೆ ಹೋಗುವುದು, ಲಕ್ಷ್ಮಿ ಕಾದು ನಿಲ್ಲುವುದು. ಲಕ್ಷ್ಮಿ ಬರುವುದು, ಗಂಗೆ ಅವಳ ಕಾಲು ಹಿಡಿಯಲು ಎರಗುವುದು. ಕೊನೆಯ ದಾಳಿಯಲ್ಲಿ ಗಂಗೆ ಮಧ್ಯದ ಗೆರೆಗೆ ಗೇಣು ದೂರದಲ್ಲಿದ್ದಾಗ ಲಕ್ಷ್ಮಿ ಅವಳ ಕಾಲು ಹಿಡಿದುಬಿಟ್ಟಳು. ಗಂಗೆ ಅಬಡಿ ಅಬಡಿ ಎನ್ನುತ್ತ ಗೆರೆಯ ಕಡೆಗೆ ಮೈ ಎಳೆದಳು, ಎಳೆದಳು, ದನಿ ಸಣ್ಣದಾಗುತ್ತ ಬಂದು ನಿಂತೇ ಹೋಯಿತು. ನಾವು ಸೋತೆವು.

ಬಹುಮಾನದ ಹೊತ್ತಿಗೆ ಅಧ್ಯಕ್ಷರು ಮೈಕಿನಲ್ಲಿ, ಈ ಮಗುವಿನ ಸಾಧನೆಗೆ ವಿಶೇಷ ಬಹುಮಾನ ಎಂದು ಘೋಷಿಸಿ, ಗಂಗೆಯನ್ನು ಕರೆಸಿ, ಒಂದು ದೊಡ್ಡ ಸ್ಟೀಲ್ ಡಬ್ಬಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನಂತೂ ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಗಂಗೆ ಡಬ್ಬಿಯನ್ನು ನೋಡಿದಳು, ನಮ್ಮನ್ನು ನೋಡಿದಳು. ಡಬ್ಬಿಯನ್ನು ಮೇಜಿನ ಮೇಲೆ ವಾಪಸಿಟ್ಟಳು. ಲಕ್ಷ್ಮಿಯನ್ನು ತೋರಿಸಿ ಹೆಬ್ಬೆರಳು ಎತ್ತಿದಳು. ತನ್ನನ್ನು ತೋರಿಸಿಕೊಂಡು ಹೆಬ್ಬೆರಳು ಕೆಳಗೆ ಮಾಡಿದಳು. ಡಬ್ಬಿಯನ್ನು ತೋರಿಸಿ, ಇದು ಏಕೆ ಎಂದು ಕೈ ಬಿಚ್ಚಿದಳು. ಕಣ್ಣಲ್ಲಿ ಸಿಟ್ಟಿನ ನೀರು. ಅಧ್ಯಕ್ಷರು ಜೀವನದಲ್ಲಿ ಮೊದಲ ಬಾರಿಗೆ ತಾವಾಗಿಯೇ ಮೈಕ್ ಆರಿಸಿದರು.

“ಅವಳು ಹೇಳೋದು ಸರಿಯಾಗೇ ಇದೆ,” ಎಂದು ಕೆಳಗಿನಿಂದ ಶಾಂತಕ್ಕ ಗಟ್ಟಿಯಾಗಿ ಅಂದರು. “ಸೋತಿದ್ದಕ್ಕೆ ಯಾರಿಗೆ ಬಹುಮಾನ ಕೊಡ್ತೀರಿ?” ನಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ನಗು ಸುತ್ತಲಿನವರಿಗೂ ಹತ್ತಿ, ಕೊನೆಗೆ ಅಧ್ಯಕ್ಷರೂ ನಕ್ಕರು, ಒಳ್ಳೆಯ ಮನುಷ್ಯರು. ಆ ಡಬ್ಬಿಯಲ್ಲಿ ಮುಂದೆ ಬಹಳ ಕಾಲ ಬಳಗದ ಸಭೆಗಳಿಗೆ ಚಕ್ಕುಲಿ ಬರುತ್ತಿತ್ತು.

ಟೆಂಪೋ ಹತ್ತುವಾಗ ಲಕ್ಷ್ಮಿ ಓಡಿ ಬಂದು ಗಂಗೆಯ ಕಾಲು ಹಿಡಿದ ತನ್ನ ಪಟ್ಟನ್ನು ಗಾಳಿಯಲ್ಲೇ ತೋರಿಸಿ ನಕ್ಕಳು. ಗಂಗೆ ನಗಲಿಲ್ಲ. ಮುಂದಿನ ವರ್ಷ ಎಂದು ಬೆರಳು ತೋರಿಸಿದಳು.

ಆ ವರ್ಷವಿಡೀ ನಾಗಮ್ಮನ ಗದ್ದೆಯ ಬದುವಿನಲ್ಲಿ ಅಬಡಿ ಅಬಡಿ ಕೇಳುತ್ತಲೇ ಇತ್ತು. ಶಾಂತಕ್ಕ ಗಂಗೆಯನ್ನು ಮತ್ತೆ ಓದಿಗೂ ಕೂರಿಸಿದರು. ಮುಂದಿನ ಬೇಸಿಗೆ, ಸಿದ್ದಾಪುರದಲ್ಲಿ, ರೆಫರಿ ಮಾಸ್ತರು ಸೀಟಿಯ ಜೊತೆ ಒಂದು ಬಾವುಟವನ್ನೂ ತಾವೇ ತಂದಿದ್ದರು, ನನ್ನ ಟವೆಲಿನ ಉದ್ಯೋಗ ಹೋಯಿತು. ಗಂಗೆ ಗೆದ್ದಳು. ಮೂರು ಹುಡುಗಿಯರನ್ನು ಮೈಮೇಲೆ ಹೊತ್ತುಕೊಂಡೇ ಗೆರೆ ಮುಟ್ಟಿದಳು, ಅದರಲ್ಲಿ ಒಬ್ಬಳು ಲಕ್ಷ್ಮಿ. ಬಹುಮಾನದ ಲೋಟವನ್ನು ಗಂಗೆ ಕಸಿದುಕೊಂಡಂತೆ ತೆಗೆದುಕೊಂಡಳು. ಆಮೇಲೆ ಇಬ್ಬರೂ ಅದೇ ಲೋಟದಲ್ಲಿ ಪಾನಕ ಕುಡಿದರು.

ಈಗ ಶಾಂತಕ್ಕ ಇಲ್ಲ. ಗಂಗೆ ಮದುವೆಯಾಗಿ ಸಿದ್ದಾಪುರದಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ, ಭಾನುವಾರಗಳಲ್ಲಿ ಬಳಗದ ಹೆಸರಿನಲ್ಲಿ ಅಲ್ಲಿನ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಹೋಗಿ ನೋಡಬೇಕೆಂದು ವರ್ಷಗಳಿಂದ ಅಂದುಕೊಳ್ಳುತ್ತಲೂ ಇದ್ದೆ. ಮಿಲ್ಲಿನಿಂದ ಬಂದ ಮೇಲೆ ಯಾಕೋ ತಡೆಯಲಾಗಲಿಲ್ಲ, ಮೊನ್ನೆ ಭಾನುವಾರ ಬಸ್ ಹತ್ತಿ ಹೋದೆ. ನನ್ನನ್ನು ಕಂಡವಳೇ ಗಂಗೆ ತನ್ನ ಹುಡುಗಿಯರಿಗೆಲ್ಲ ನನ್ನ ಗುರುತು ಹೇಳಿದಳು. ಹೇಗೆ ಹೇಳಿದಳು ಎಂಬುದನ್ನು ನೀವು ಊಹಿಸಬಲ್ಲಿರಿ.

ಸಂಜೆ ಬಸ್ಸಿಗೆ ಬಿಡಲು ಬಂದಳು. ನಾನು ಕಿಟಕಿಯ ಪಕ್ಕ ಕೂತೆ, ಅವಳು ಕೆಳಗೆ ನಿಂತಳು. ಡ್ರೈವರು ಎಂಜಿನ್ ಶುರುಮಾಡಿ ಹಾರ್ನ್ ಒತ್ತತೊಡಗಿದ. ಬಸ್ಸಿನ ತುಂಬ ಜನ ಕಿಟಕಿಯಿಂದ ಹೊರಗೆ ಕತ್ತು ಹಾಕಿ ‘ಏನು? ಏನಂದೆ? ಕೇಳಲಿಲ್ಲ!’ ಎಂದು ಕೂಗುತ್ತಿದ್ದರು. ನಾವಿಬ್ಬರೂ ಆರಾಮಾಗಿ ಮಾತಾಡುತ್ತಿದ್ದೆವು. ಮುಂದಿನ ಭಾನುವಾರ ಬಾ, ಸೀರೆ ಬೇಡ, ಆಡಬೇಕು ಎಂದು ಅವಳ ಕೈ ಹೇಳಿತು. ನನ್ನ ಮಂಡಿ ನೋಯುತ್ತದೆ ಎಂದು ನನ್ನ ಕೈ. ಮಂಡಿಯನ್ನೂ ಕರೆದುಕೊಂಡು ಬಾ ಎಂದಳು. ಬಸ್ಸು ಹೊರಟಿತು, ನಿಲ್ದಾಣ ದಾಟಿತು, ಅವಳು ಇನ್ನೂ ಹೇಳುತ್ತಿದ್ದಳು, ನಾನು ಇನ್ನೂ ಉತ್ತರ ಕೊಡುತ್ತಿದ್ದೆ, ತಿರುವು ಬರುವವರೆಗೂ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ, “ಈ ಗಲಾಟೇಲಿ ನಮ್ಮವ್ರು ಎಂತ ಹೇಳಿದ್ರೋ ಒಂದೂ ಕೇಳಲಿಲ್ಲ. ನಿಮಗೆ?” ಅಂದರು.

“ಎಲ್ಲ ಕೇಳ್ತು,” ಅಂದೆ. “ಮುಂದಿನ ಭಾನುವಾರ ಮತ್ತೆ ಬರಬೇಕಂತೆ.”