ಎರಡು ಸಲ ತೂಗಿದ ಬೆಳಕು

ಆಳಂದದಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಅಪ್ಪ ತೊಗರಿ ತೂಗುತ್ತಿದ್ದರು. ಚೀಲವನ್ನು ಒಮ್ಮೆ ತೂಗಿ, ಕೆಳಗಿಳಿಸಿ, ಮತ್ತೆ ಏರಿಸಿ ತೂಗುವುದು ಅವರ ಪದ್ಧತಿ. ಎರಡೂ ಸಲ ಒಂದೇ ತೂಕ ಬಂದರೆ ಮಾತ್ರ ಗಟ್ಟಿಯಾಗಿ ಕೂಗುತ್ತಿದ್ದರು. ಅವರು ಕೂಗಿದ ಮೇಲೆ ಅಫಜಲಪುರದ ಕಡೆಯಿಂದ ಬಂದ ರೈತರೂ ತಕರಾರು ತೆಗೆಯುತ್ತಿರಲಿಲ್ಲ. ನನಗೆ ಗಣಿತವನ್ನೂ ಹಾಗೇ ಕಲಿಸಿದರು: ಎರಡು ಸಲ ಮಾಡು, ಒಂದೇ ಬಂದರೆ ಸರಿ. ಅದನ್ನೇ ನಂಬಿಕೊಂಡು ನಾನು ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಊರಿನ ಕಾಲೇಜಿನಲ್ಲೇ ಪಾಠ ಹೇಳುವ ಕೆಲಸ ಹಿಡಿದೆ.

ತೊಂಬತ್ತರ ದಶಕದ ಮಾತು. ಕೆಲಸ ಕಾಯಂ ಆಗಬೇಕಾದರೆ ಎಂ.ಫಿಲ್. ಬೇಕಿತ್ತು. ಕಲಬುರ್ಗಿಯಲ್ಲಿದ್ದ ನನ್ನ ಮಾರ್ಗದರ್ಶಕರು ಕೊಟ್ಟ ವಿಷಯ ಬೆಳಕಿನ ಕಣಗಳದ್ದು, ಅಂದರೆ ಫೋಟಾನುಗಳದ್ದು. ಅರ್ಧ ಬೆಳಕನ್ನು ದಾಟಿಸಿ ಅರ್ಧವನ್ನು ತಿರುಗಿಸುವ ಒಂದು ಬಗೆಯ ಕನ್ನಡಿ ಇರುತ್ತದೆ. ಒಂದೇ ಒಂದು ಫೋಟಾನು ಅದರ ಮೇಲೆ ಬಿದ್ದರೆ ಎರಡು ಹೋಳಾಗುವುದಿಲ್ಲ. ದಾಟುತ್ತದೆ, ಇಲ್ಲವೇ ತಿರುಗುತ್ತದೆ. ಯಾವುದೆಂದು ಮೊದಲೇ ಹೇಳಲು ಯಾರಿಂದಲೂ ಆಗದು. ಅಂಥ ಪ್ರಯೋಗದ ಸಾಮಾನು ನಮ್ಮ ಕಾಲೇಜಿಗೆ ಎಲ್ಲಿಂದ ಬರಬೇಕು? ಅದಕ್ಕೇ ಕಂಪ್ಯೂಟರಿನಲ್ಲಿ ಅದರ ಅನುಕರಣೆ. ಕವಡೆ ಬಿಟ್ಟಂತೆ ಕಂಪ್ಯೂಟರು ಒಂದೊಂದು ಕಣಕ್ಕೂ ಒಂದೊಂದು ಸಂಖ್ಯೆ ಬಿಡಬೇಕು, ಕಣ ಅದರಂತೆ ನಡೆಯಬೇಕು. ಸಾವಿರಾರು ಕಣ ಕಳಿಸಿ, ಯಾವ ಕಡೆ ಎಷ್ಟು ಬಂದವೆಂದು ನೋಡುವುದು ನನ್ನ ಕೆಲಸ.

ಕಾಲೇಜಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಮಾನಿಟರಿನ ಹಣೆಗೆ ಯಾರೋ ಮೂರು ಬೆರಳು ವಿಭೂತಿ ಬಳಿದಿದ್ದರು. ಭಾನುವಾರ ಮಾತ್ರ ಅದು ನನ್ನ ಕೈಗೆ ಸಿಗುತ್ತಿತ್ತು. ಖಾಲಿ ಕಾಲೇಜಿನಲ್ಲಿ ಹೆಣ್ಣುಮಗಳು ಒಬ್ಬಳೇ ಕೂರುವುದು ಹೇಗೆಂದು ಅಪ್ಪ ಬುತ್ತಿ ಕಟ್ಟಿಕೊಂಡು ಜೊತೆಗೆ ಬರುತ್ತಿದ್ದರು, ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದರು. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ನಾನು ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಓಡಿಸುತ್ತಿದ್ದೆ. ಪ್ರತಿ ಸಲವೂ ಅದೇ ಲೆಕ್ಕ. ಒಂದು ಕಣವೂ ಆಚೀಚೆ ಇಲ್ಲ. "ಮತ್ತ ಅದಽ ಬಂತು ನೋಡವಾ" ಎಂದು ಅಪ್ಪ ತೊಡೆ ತಟ್ಟುತ್ತಿದ್ದರು. ನಾನೂ ಬೀಗುತ್ತಿದ್ದೆ.

ಪ್ರಬಂಧ ಒಪ್ಪಿಸುವ ಮೊದಲು ಕಾಲೇಜಿನಲ್ಲೇ ಒಂದು ಸೆಮಿನಾರ್ ಆಯಿತು. ಮಾರ್ಗದರ್ಶಕರು ಮೈಸೂರು ಕಡೆಯ ಪ್ರೊಫೆಸರೊಬ್ಬರನ್ನು ಕರೆತಂದಿದ್ದರು. ಅವರು ಹೂಂ ಅಂದರೆ ನನ್ನ ಡಿಗ್ರಿ, ನನ್ನ ನೌಕರಿ. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ನನ್ನ ವಿದ್ಯಾರ್ಥಿಗಳ ಹಿಂದೆ ಕೂತಿದ್ದರು.

ನಾನು ಎರಡು ಸಲ ಓಡಿಸಿ ತೋರಿಸಿದೆ. "ನೋಡಿ ಸರ್, ಎಷ್ಟು ಸಲ ಮಾಡಿದರೂ ಇದೇ ಉತ್ತರ" ಎಂದೆ, ಕತ್ತು ಎತ್ತಿ.

ಪ್ರೊಫೆಸರು ಕನ್ನಡಕ ತೆಗೆದರು. "ಮೊದಲನೇ ಫೋಟಾನು ಯಾವ ಕಡೆ ಹೋಗುತ್ತೆ, ಹೇಳಮ್ಮ."

"ದಾಟುತ್ತೆ ಸರ್."

"ಎರಡನೇದು?"

"ತಿರುಗುತ್ತೆ."

"ಮೂರನೇದು?"

"ಅದೂ ತಿರುಗುತ್ತೆ" ಎಂದೆ. ಎಷ್ಟೋ ಭಾನುವಾರ ನೋಡಿ ನೋಡಿ ಬಾಯಿಪಾಠವಾಗಿತ್ತು. ನಾಲ್ಕನೆಯದನ್ನು ಹೇಳಲು ಬಾಯಿ ತೆರೆದವಳಿಗೆ ನಾನೇನು ಹೇಳುತ್ತಿದ್ದೇನೆಂದು ಹೊಳೆಯಿತು. ಯಾರಿಂದಲೂ ಹೇಳಲಾಗದು ಎಂದು ಪ್ರಬಂಧದ ಮೊದಲ ಪುಟದಲ್ಲಿ ಬರೆದವಳೂ ನಾನೇ! ಪ್ರತಿ ಸಲ ಬೇರೆ ಕಡೆಯಿಂದ ಶುರುಮಾಡು ಎಂದು ಕಂಪ್ಯೂಟರಿಗೆ ಒಂದು ಸಾಲು ಬರೆದು ಹೇಳಬೇಕು. ಹೇಳದಿದ್ದರೆ ಅದು ಅವವೇ ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಬಿಡುತ್ತಿರುತ್ತದೆ. ಆ ಸಾಲನ್ನು ನಾನು ಬರೆದಿರಲಿಲ್ಲ. ಉತ್ತರ ಒಂದೇ ಬಂದದ್ದು ಸರಿ ಇದ್ದುದಕ್ಕಲ್ಲ, ಕೆಟ್ಟಿದ್ದಕ್ಕೆ.

ನಾನು ಸುಮ್ಮನಾದದ್ದನ್ನು ಕಂಡು ಅಪ್ಪ ಎದ್ದು ನಿಂತರು. ಪರಊರಿನವರು ಮಗಳ ಮೇಲೆ ಅನುಮಾನ ಪಡುತ್ತಿದ್ದಾರೆಂದು ಅವರಿಗೆ ಅನಿಸಿತ್ತು. ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಹೇಳಿದರು: "ಸಾಹೇಬ್ರ, ಇದಕ್ಕ ನಾ ಸಾಕ್ಷಿ ಇದ್ದೇನ್ರಿ. ಎಷ್ಟ ಸಲ ಕರೆಂಟ್ ಹೋಗಿ ಬಂದ್ರೂ ಲೆಕ್ಕ ಅದಽ ಬಂದದ್ರಿ. ಒಂದ್ ಕಾಳ ಹೆಚ್ಚಿಲ್ಲ, ಒಂದ್ ಕಾಳ ಕಡಿಮಿ ಇಲ್ಲ. ನಮ್ಮ ಹುಡುಗಿ ಮೋಸ ಮಾಡಾಕಿ ಅಲ್ರಿ."

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಕುಂದರ್ರಿ ಅಪ್ಪಾ! ನಿಮಗ ಇದೆಲ್ಲಾ ತಿಳಿಯಂಗಿಲ್ಲ" ಎಂದು ಎಲ್ಲರೆದುರು ಹರಿಹಾಯ್ದೆ. ಅಪ್ಪ ಕೂತರು. ಜಾರದಿದ್ದ ರುಮಾಲನ್ನು ಸರಿಮಾಡಿಕೊಂಡರು. ಪ್ರೊಫೆಸರು ಮಾತ್ರ ಅವರಿಗೆ ಕೈಮುಗಿದು, ತಿದ್ದಿಕೊಂಡು ಬಾರಮ್ಮ ಎಂದು ನನಗೆ ಹೇಳಿ ಎದ್ದರು.

ಮನೆಗೆ ನಡೆಯುವಾಗ ಅಪ್ಪ, "ನಾ ಏನರ ತಪ್ಪ ಮಾತಾಡಿದೆನೇನು?" ಎಂದು ಕೇಳಿದರು. ನಾನು ಮುಂದೆ ಮುಂದೆ ನಡೆದೆ.

ಬಿಟ್ಟುಹೋಗಿದ್ದ ಸಾಲು ಬರೆದೆ. ಲೆಕ್ಕ ಪ್ರತಿ ಸಲವೂ ಅರ್ಧದ ಆಸುಪಾಸಿನಲ್ಲಿ ಅಲ್ಪಸ್ವಲ್ಪ ಬೇರೆಯಾಗಿ ಬರತೊಡಗಿತು, ಬರಬೇಕಾದದ್ದೇ ಹಾಗೆ. ಭಾನುವಾರಗಳಂದು ಅಪ್ಪ ಬುತ್ತಿ ತರುವುದನ್ನು ಬಿಡಲಿಲ್ಲ. ಆದರೆ ಒಳಗೆ ಬರದೆ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಳಗೆ ಬರ್ರಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಕಲಬುರ್ಗಿಯಲ್ಲಿ ಮೌಖಿಕ ಪರೀಕ್ಷೆಯ ದಿನ, ಜೇವರ್ಗಿಯಲ್ಲಿ ಪರೀಕ್ಷಾ ಡ್ಯೂಟಿ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟೆ. ಅದೇ ಪ್ರೊಫೆಸರು ಬಂದಿದ್ದರು. ಎಲ್ಲ ಮುಗಿದು, ಪಾಸು ಎಂದು ಹೇಳಿದ ಮೇಲೆ ಕೇಳಿದರು, "ನಿಮ್ಮ ತಂದೆಯವರು ಬರಲಿಲ್ವೇ?"

"ಹುಷಾರಿಲ್ಲ ಸರ್" ಎಂದೆ.

ಸಂಜೆ ಮನೆಗೆ ಬಂದು ನಿಜ ಹೇಳಿದೆ. ಅಪ್ಪ ಅಡುಗೆಮನೆಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ತಲೆ ಸವರಿದರು. ಆಮೇಲೆ ಮೆಲ್ಲಗೆ ಅಂದರು: "ಹೇಳಿದ್ರ ನಾನೂ ಬರ್ತಿದ್ದೆ ಯವ್ವಾ. ಹಿಂದ ಕುಂದರ್ತಿದ್ದೆ. ಬಾಯಿ ಬಿಡ್ತಿದ್ದಿಲ್ಲ."