ತಾಯಿ ಮರಳಿದಾಗ ಮಗು ಏನು ಮಾಡುತ್ತದೆ

ಆ ಕೋಣೆಯಲ್ಲಿ ನನ್ನ ಕೆಲಸವೆಂದರೆ ಅಪರಿಚಿತಳಾಗಿ ಕೂರುವುದು. ಶಿರಸಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಮನೆಯ ಹಾಲ್ ಅದು. ನೆಲಕ್ಕೆ ಚಾಪೆ, ಅದರ ಮೇಲೆ ಒಂದಿಷ್ಟು ಆಟಿಕೆ, ಎರಡು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾ. ವರ್ಷ ದಾಟಿದ ಮಗುವನ್ನು ಎತ್ತಿಕೊಂಡು ತಾಯಿ ಬರುತ್ತಾಳೆ. ಮಗು ಆಟಕ್ಕೆ ಇಳಿದ ಮೇಲೆ ನಾನು ಒಳಗೆ ಹೋಗಿ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ತಾಯಿ ಎದ್ದು ಹೊರಗೆ ನಡೆಯುತ್ತಾಳೆ. ಮಗುವಿನ ಜೊತೆ ನಾನೊಬ್ಬಳೇ ಉಳಿಯುತ್ತೇನೆ. ಆಮೇಲೆ ತಾಯಿ ಮರಳುತ್ತಾಳೆ. ಇಷ್ಟೇ ಪರೀಕ್ಷೆ.

ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ತಂಡ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪುಟ್ಟ ಮಕ್ಕಳನ್ನು ಅಧ್ಯಯನ ಮಾಡಲು ಬಂದಿತ್ತು. ಅದರ ಮುಖ್ಯಸ್ಥೆಗೆ ಕನ್ನಡ ಬರುತ್ತಿರಲಿಲ್ಲ. ಎಂ.ಎ., ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಮಾತು ದಾಟಿಸಲು ಕರೆದುಕೊಂಡರು. ಬೆಳಗಿನ ಬಸ್ಸಿಗೆ ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಹೋಗಿ ಮನೆಗಳಲ್ಲಿ ತಾಯಂದಿರನ್ನು ಮಾತಾಡಿಸಿ ಒಪ್ಪಿಸುವುದು, ಪರೀಕ್ಷೆಯ ದಿನ ಆ ಕುರ್ಚಿಯಲ್ಲಿ ಕೂರುವುದು. ಮುಖ್ಯಸ್ಥೆಯನ್ನು ನಾನು ಮೇಡಂ ಎನ್ನುತ್ತಿದ್ದೆ. ಮೊದಲ ದಿನವೇ ಅವರು ಇಂಗ್ಲಿಷಿನಲ್ಲಿ ಹೇಳಿದ್ದರು: "ತಾಯಿ ಹೋದಾಗ ಮಗು ಅತ್ತಿತೋ ಇಲ್ಲವೋ ಎನ್ನುವುದು ದೊಡ್ಡ ಮಾತಲ್ಲ. ತಾಯಿ ಬಂದಾಗ ಏನು ಮಾಡುತ್ತದೆ, ಅದನ್ನು ನೋಡು."

ಬನವಾಸಿ ಕಡೆಯ ಒಂದು ಹೆಣ್ಣುಮಗು ತಾಯಿ ಎದ್ದ ಕೂಡಲೇ ಬಾಗಿಲಿಗೆ ಓಡಿ ಚೀರಿತು. ನಾನು ಚೆಂಡು ತೋರಿಸಿದೆ, ಹತ್ತಿರ ಹೋದೆ. ನನ್ನನ್ನು ಕಂಡು ಇನ್ನಷ್ಟು ಚೀರಿತು. ಹೊರಗಿನಿಂದ ತಾಯಿಯ ದನಿ ಕೇಳಿತು. "ಬಾಗ್ಲಾ ತಗೀರ್ರಿ ಮೇಡಂ. ನನ್ನ ಮಗಳು ಉಸಿರು ಹಿಡಿದು ಅಳಾಕತ್ತಾಳ." ಮೇಡಂ ತಕ್ಷಣ ಬಾಗಿಲು ತೆರೆಸಿದರು. ಮಗು ತಾಯಿಯ ಕೊರಳಿಗೆ ಬಿತ್ತು, ಬಿಕ್ಕಿತು, ನಿಧಾನಕ್ಕೆ ತಣ್ಣಗಾಗಿ ಅವಳ ಹೆಗಲ ಮೇಲಿಂದಲೇ ಚೆಂಡಿನತ್ತ ಕೈ ಚಾಚಿತು. ನನ್ನ ಬೆನ್ನು ಬೆವೆತಿತ್ತು. ಮೇಡಂ ಮಾತ್ರ ಸಮಾಧಾನದಲ್ಲಿದ್ದರು. "ಅವಳಿಗೆ ತಾಯಿಯ ಮೇಲೆ ಭರವಸೆ ಇದೆ. ಅಳು ತಾಯಿಯ ಬಳಿಯೇ ಇಳಿಯಿತಲ್ಲ."

ಅದೇ ವಾರ ಹೇರೂರಿನಿಂದ ಬಂದ ಗಂಡುಮಗು ಅಳಲೇ ಇಲ್ಲ. ತಾಯಿ ಹೋದಾಗ ಒಮ್ಮೆ ಬಾಗಿಲು ನೋಡಿ ಆಟದ ಕಾರಿನ ಚಕ್ರ ತಿರುಗಿಸುತ್ತ ಕೂತಿತು. ತಾಯಿ ಬಂದು "ಮಗಾ" ಎಂದಾಗ ಮುಖ ಅತ್ತ ತಿರುಗಿಸಿತು. "ಎಷ್ಟು ಸಾಧು ಮಗು" ಎಂದೆ. ಮೇಡಂ ಅಲ್ಲವೆಂದು ತಲೆಯಾಡಿಸಿದರು. ಹೀಗೆ ಸುಮ್ಮನಿರುವ ಮಕ್ಕಳ ಎದೆಬಡಿತ ಅಳುವ ಮಕ್ಕಳಷ್ಟೇ ಜೋರಾಗಿರುತ್ತದೆ ಎಂದು ಅಳೆದು ನೋಡಿದವರು ಕಂಡುಕೊಂಡಿದ್ದಾರೆ, ಕೆಲವು ಮಕ್ಕಳು ತಾಯಿ ಬೇಕು ಎನ್ನುವುದನ್ನು ತೋರಿಸದಿರಲು ಕಲಿತುಬಿಟ್ಟಿರುತ್ತಾರೆ ಎಂದು ವಿವರಿಸಿದರು.

ಸಂಜೆ ಮನೆಯ ಗೇಟು ತೆಗೆದೆ. ಒಂದೂವರೆ ವರ್ಷದ ನನ್ನ ಮಗ ಜಗಲಿಯಲ್ಲಿ ಸ್ಟೀಲ್ ಡಬ್ಬಿಗಳ ಮುಚ್ಚಳ ಹರಡಿಕೊಂಡು ಕೂತಿದ್ದ. ಅತ್ತೆ ಪಕ್ಕದಲ್ಲಿದ್ದರು. "ಮಗಾ, ಆಯಿ ಬಂತು ನೋಡು" ಎಂದು ನನ್ನನ್ನೇ ತೋರಿಸಿಕೊಂಡೆ. ಅವನು ನನ್ನನ್ನು ನೋಡಿದ. ನಂತರ ಮುಖ ತಿರುಗಿಸಿ, ಎದ್ದು, ಅತ್ತೆಯ ಸೀರೆಯ ಸೆರಗಿನೊಳಗೆ ಹೊಕ್ಕ. ಅತ್ತೆ ನಕ್ಕರು. ನಾನು ಚೀಲ ಹೆಗಲಿನಿಂದ ಇಳಿಸದೆ ಅಲ್ಲೇ ನಿಂತೆ.

ಹಿಂದೆಯೂ ಹಾಗೆ ಮಾಡಿದ್ದನೇನೋ. ಆಗ ನನಗೆ ನೋಡುವ ಕಣ್ಣಿರಲಿಲ್ಲ. ಈಗ ಇತ್ತು. ಆಮೇಲಿನ ಪ್ರತಿ ಸಂಜೆಯೂ ನನಗೆ ಪರೀಕ್ಷೆಯಾಯಿತು. ಒಂದು ದಿನ ಬಿಸ್ಕಿಟ್ ತಂದೆ, ಬಿಸ್ಕಿಟ್ ಇಸಿದುಕೊಂಡು ಅತ್ತೆಯ ಬಳಿ ಹೋದ. ಒಂದು ದಿನ ಸದ್ದಿಲ್ಲದೆ ಬಂದು ಹಿಂದಿನಿಂದ ಎತ್ತಿಕೊಂಡೆ, ಮೈ ಸೆಟೆಸಿ ಜಾರಿ ಇಳಿದ. ಊಟ ಮಾಡಿಸುವವರು ಅತ್ತೆ, ಮಲಗಿಸುವವರು ಅತ್ತೆ, ಬಿದ್ದರೆ ಅವನು ಓಡುತ್ತಿದ್ದುದೂ ಅವರ ಬಳಿಗೇ. ಹಗಲೆಲ್ಲ ಊರವರ ಮಕ್ಕಳ ಮುಖ ಓದುತ್ತಿದ್ದ ನನಗೆ ನನ್ನ ಮಗನ ಮುಖದಲ್ಲಿ ಒಂದೇ ಉತ್ತರ ಕಾಣುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಇದನ್ನು ಗಂಡನಿಗೆ ಹೇಳಿದೆ. ಅವರದು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ರಜೆಯ ದಿನವೂ ಯಾವುದೋ ಫೋನು ಬಿಚ್ಚಿಕೊಂಡು ಕೂತಿದ್ದರು.

"ಸುಮ್ನೇ ಎಂತಕ್ಕೆ ತಲೆ ಕೆಡಿಸ್ಕತ್ತೆ? ಸಣ್ಣ ಮಾಣಿ. ಆಡ್ತಾ ಇರ್ತ" ಎಂದರು.

"ಆಡದಲ್ಲ ಅದು. ಆನು ದಿನಾ ನೋಡ್ತೆ. ಅವಂಗೆ ಆನು ಬ್ಯಾಡ."

"ಹಂಗಾದ್ರೆ ಕೆಲಸ ಬಿಡು."

"ಕೆಲಸ ಬಿಟ್ರೆ ಸರಿ ಆಗ್ತಾ? ಇಡೀ ದಿನ ಅತ್ತೆ ಕೈಯಲ್ಲೇ ಇದ್ರೆ ಮಾಣಿ ಹೀಂಗೇ ಆಗ್ತ. ತಾಯಿ ಹತ್ರ ಅಂಟ್ಕಳಕ್ಕೆ ಜಾಗವೇ ಇಲ್ಲೆ."

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಸೌಟು. ಒಳಗೆ ಹೋಗಿ ಗ್ಯಾಸ್ ಆರಿಸಿದರು. ಊಟಕ್ಕೆ ಎಲ್ಲರಿಗೂ ಬಡಿಸಿದರು, ತಾವು ಕೂರಲಿಲ್ಲ. ಮಧ್ಯಾಹ್ನ ಮಗ ಮಲಗಿದ್ದಾಗ ಹೊರಡುವ ಸೀರೆ ಉಟ್ಟು ಬಂದರು.

"ಆನು ಹೆಗ್ಗರಣೆಗೆ ಹೋಗ್ತೆ, ಮಗಳ ಮನೆಗೆ. ನಿನ್ನ ಮಗನ್ನ ನೀನೇ ನೋಡ್ಕ. ಎನ್ನ ಕೈಯಲ್ಲಿ ಬೆಳೆದು ಕೆಡದು ಬ್ಯಾಡ."

ಗಂಡ ಎದ್ದು ಅಡ್ಡ ನಿಂತರು. ನಾನೂ "ಅತ್ತೆ, ಆ ಅರ್ಥದಲ್ಲಿ ಹೇಳಿದ್ದಲ್ಲ" ಎಂದೆ. ಅವರು ಚಪ್ಪಲಿ ಮೆಟ್ಟಿ ಆಗಿತ್ತು.

ಮಗ ಎದ್ದು ಕಣ್ಣುಜ್ಜುತ್ತ ಅಡುಗೆಮನೆಗೆ ಹೋದ. "ಅಜ್ಜಿ" ಎಂದ. ಬಚ್ಚಲಿಗೆ ಹೋದ. ಹಿತ್ತಲ ಬಾಗಿಲು ಬಡಿದ. ಅತ್ತೆಯ ಮಂಚದ ಕೆಳಗೆ ಬಗ್ಗಿ ನೋಡಿದ. ನಾನು ಎತ್ತಿಕೊಳ್ಳಹೋದರೆ ಭುಜ ಕಚ್ಚಿದ. ರಜೆ ಹಾಕಿ ಮನೆಯಲ್ಲೇ ಉಳಿದೆ. ಮರುದಿನವೂ ಹುಡುಕಿದ. ಅದರ ಮರುದಿನ ಹುಡುಕುವುದನ್ನು ನಿಲ್ಲಿಸಿದ. ಜಗಲಿಯಲ್ಲಿ ಮುಚ್ಚಳವೊಂದನ್ನು ಕೈಯಲ್ಲಿ ಹಿಡಿದು, ಆಡದೆ, ಗೇಟಿನತ್ತಲೂ ನೋಡದೆ ಕೂತ. ಅನ್ನದ ತುತ್ತು ಬಾಯಲ್ಲಿಟ್ಟರೆ ಹಾಗೇ ಇಟ್ಟುಕೊಂಡಿರುತ್ತಿದ್ದ. ಅವನು ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಹೆಗ್ಗರಣೆಗೆ ಫೋನ್ ಮಾಡಿದಾಗಲೆಲ್ಲ ನಾದಿನಿಯೇ ಎತ್ತಿ "ಆಯಿ ತೋಟಕ್ಕೆ ಹೋಯ್ದು" ಎನ್ನುತ್ತಿದ್ದಳು.

ಮಗನನ್ನು ಎತ್ತಿಕೊಂಡು ಮೇಡಂ ಬಳಿ ಹೋದೆ. ಆ ದಿನ ಪರೀಕ್ಷೆ ಇರಲಿಲ್ಲ. ಅವರು ಒಬ್ಬರೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಆದದ್ದನ್ನೆಲ್ಲ ಹೇಳಿ, "ನನ್ನ ಮಗನನ್ನೂ ಈ ಕೋಣೆಯಲ್ಲಿ ಕೂರಿಸಿ ನೋಡಿ. ಅವನು ಯಾವ ಬಗೆಯ ಮಗು ಅಂತ ಹೇಳಿಬಿಡಿ" ಎಂದು ಕೇಳಿಕೊಂಡೆ.

"ಇಲ್ಲ" ಎಂದರು. ನಾನು ಮತ್ತೆ ಕೇಳಿದೆ.

"ಇದು ಜ್ವರ ನೋಡುವ ಕಡ್ಡಿಯಲ್ಲ" ಎಂದರು ಮೇಡಂ. "ತುಂಬಾ ಮಕ್ಕಳನ್ನು ಒಟ್ಟಿಗೆ ನೋಡಿದಾಗ ಏನೋ ಒಂದಿಷ್ಟು ಕಾಣುತ್ತದೆ. ಒಂದು ಮಗುವಿನ ಕೆಲವು ಸಂಜೆಗಳನ್ನು ಹಿಡಿದುಕೊಂಡು ನಾನು ಏನೂ ಹೇಳಲಾರೆ. ಅದೂ ನಿನ್ನ ಮನೆಯ ಜಗಲಿಯಲ್ಲಿ, ಅವನ ಅಜ್ಜಿ ಪಕ್ಕದಲ್ಲೇ ಇದ್ದಾಗ. ಬೆಳಿಗ್ಗೆ ನೀನು ಮನೆಯಿಂದ ಹೊರಡುವಾಗ ಏನು ಮಾಡುತ್ತೀಯ?"

"ಅತ್ತೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕಾಗೆ ತೋರಿಸುತ್ತಾರೆ. ಅಷ್ಟರಲ್ಲಿ ನಾನು ಹೊರಟುಬಿಡುತ್ತೇನೆ. ಇಲ್ಲವಾದರೆ ಅಳುತ್ತಾನೆ."

"ಹಾಗಾದರೆ ಜನ ಯಾವಾಗ ಮಾಯವಾಗುತ್ತಾರೆ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ಈಗ ಅವನು ಹುಡುಕಿದ್ದು ಯಾರನ್ನು?"

"ಅಜ್ಜಿಯನ್ನು."

"ಮಗು ಒಬ್ಬರನ್ನು ಮಾತ್ರ ಹಚ್ಚಿಕೊಳ್ಳುತ್ತದೆ ಎಂದು ನಾನು ಯಾವತ್ತೂ ಹೇಳಿಲ್ಲ. ಇಬ್ಬರನ್ನು, ಮೂವರನ್ನು ಹಚ್ಚಿಕೊಳ್ಳುತ್ತದೆ. ಅಜ್ಜಿಯ ಬಳಿ ಹೋಗುವುದೆಂದರೆ ನಿನ್ನಿಂದ ಕಿತ್ತುಕೊಂಡದ್ದು ಎಂದಲ್ಲ." ಅವರು ನನ್ನ ಮಗನತ್ತ ತಿರುಗಿದರು. "ನಾವು ತಾಯಂದಿರನ್ನಷ್ಟೇ ಈ ಕೋಣೆಗೆ ಕರೆದೆವು. ಅದು ನಮ್ಮ ಕೊರತೆ. ನೀನು ಮೊದಲು ಹೋಗಿ ಅವನ ಅಜ್ಜಿಯನ್ನು ಮನೆಗೆ ಕರೆದುಕೊಂಡು ಬಾ."

ಹೆಗ್ಗರಣೆಯ ಬಸ್ಸಿನಲ್ಲಿ ಮಗ ತಿರುವುಗಳಿಗೆ ಎರಡು ಸಲ ವಾಂತಿ ಮಾಡಿಕೊಂಡ. ನೀರಿನಿಂದ ಸೀರೆ ಒರೆಸಿಕೊಳ್ಳುತ್ತ, ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಯಾವ ಮಾತೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬರುವುದಿಲ್ಲ ಎಂದುಬಿಟ್ಟರೆ? ನಾದಿನಿಯ ಗಂಡನ ಎದುರು ಎರಡು ಮಾತು ಆಡಿಬಿಟ್ಟರೆ?

ಮಧ್ಯಾಹ್ನದ ಹೊತ್ತು. ಅತ್ತೆ ಮೆಟ್ಟಿಲ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ನಮ್ಮನ್ನು ಕಂಡವರೇ ಬುಟ್ಟಿ ಸರಿಸಿ ಎದ್ದು ಎರಡೂ ಕೈ ಚಾಚಿದರು. ನನ್ನ ಮೇಲಿನ ಮುನಿಸು ಆ ಕ್ಷಣ ಅವರಿಗೆ ನೆನಪಿದ್ದಂತಿರಲಿಲ್ಲ.

"ಬಾರ ಮಾಣಿ, ಬಾ ಬಾ."

ಮಗ ಅವರನ್ನು ನೋಡಿದ. ಮುಖ ತಿರುಗಿಸಿ ನನ್ನ ಕೊರಳಿಗೆ ಒತ್ತಿದ.

ಅತ್ತೆಯ ಕೈಗಳು ಹಾಗೇ ಚಾಚಿಕೊಂಡಿದ್ದವು. "ಎಂತ ಆತು ಇವಂಗೆ? ಎನ್ನ ಮರ್ತನ?"

"ಮರ್ತಿದ್ನಿಲ್ಲೆ ಅತ್ತೆ. ನಿಂಗ ಹೋದಮೇಲೆ ಮನೆ ತುಂಬಾ ಹುಡ್ಕಿದ್ದ."

"ಹಂಗಾದ್ರೆ ಎಂತಕ್ಕೆ ಹೀಂಗೆ ಮಾಡ್ತ?"

ಮೇಡಂ ಹೇಳಿದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ, "ಅವನ ಬೆನ್ನ ಮೇಲೆ ಒಂದ್ಸಲ ಕೈ ಇಟ್ಟು ನೋಡಿ" ಎಂದೆ. ಅತ್ತೆ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಅವನ ಬೆನ್ನ ಮೇಲಿಟ್ಟರು. ಅವನು ಕದಲಲಿಲ್ಲ. ಅವರ ಹುಬ್ಬು ಮೇಲೇರಿತು.

"ಎದೆ ಹೊಡ್ಕತ್ತಾ ಇದ್ದಲೇ. ಓಡಿ ಬಂದಾಂಗೆ."

"ಹ್ಞೂಂ. ಮುಖದಲ್ಲಿ ತೋರ್ಸ್ತಾ ಇಲ್ಲೆ. ಒಳಗೆ ಇದ್ದು."

ಅವರು ಅವನನ್ನು ಎಳೆದುಕೊಳ್ಳಲಿಲ್ಲ. ಮತ್ತೆ ಮೆಟ್ಟಿಲ ಮೇಲೆ ಕೂತು ಬೀಜ ಬಿಡಿಸತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಮಗ ನನ್ನ ಮಡಿಲಿನಿಂದ ಇಳಿದ. ಬುಟ್ಟಿಯಿಂದ ಒಂದು ಬೀಜ ತೆಗೆದು ಅತ್ತೆಯ ಮಡಿಲಿಗೆ ಹಾಕಿದ, ಅದನ್ನೇ ಮತ್ತೆ ಎತ್ತಿಕೊಂಡ. ಆಮೇಲೆ ಅಂಗೈಯಿಂದ ಅವರ ಮೊಣಕಾಲಿಗೆ ಹೊಡೆದ. ಇನ್ನೊಮ್ಮೆ, ಜೋರಾಗಿ ಹೊಡೆದ. ಒಳಗಿನಿಂದ ನಾದಿನಿ "ಅಜ್ಜಿಗೆ ಹೊಡೀತ್ವನ?" ಎಂದು ಬರುತ್ತಿದ್ದಳು, ಅತ್ತೆ ಕೈಸನ್ನೆಯಿಂದ ತಡೆದರು. "ಹೊಡೀಲಿ. ಹೇಳದೇ ಬಂದದ್ದು ಆನು." ಆಗ ಅವನು ಬಾಯಿ ಅಗಲ ಮಾಡಿ ಅಳತೊಡಗಿದ, ಆ ದಿನಗಳಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಒಟ್ಟಿಗೆ. ಅಳುತ್ತಲೇ ಅವರ ಮಡಿಲು ಹತ್ತಿದ. ಒಂದು ಕೈ ಮಾತ್ರ ನನ್ನ ಸೆರಗನ್ನು ಬಿಟ್ಟಿರಲಿಲ್ಲ.

ಅವನು ಹಾಗೇ ನಿದ್ದೆ ಹೋದ ಮೇಲೆ ಅತ್ತೆ ದನಿ ತಗ್ಗಿಸಿ ಕೇಳಿದರು. "ನಿಂಗೆ ದಿನಾ ಸಂಜೆ ಹೀಂಗೇ ಆಗ್ತಿತ್ತನ?"

"ಹ್ಞೂಂ."

"ನೀನು ಬಂದಾಗ ಅವ ಎನ್ನ ಹತ್ರ ಓಡಿ ಬಂದ್ರೆ ಎಂಗೆ ಖುಷಿ ಆಗ್ತಿತ್ತು. ಇಲ್ಲೆ ಹೇಳಿ ಸುಳ್ಳು ಹೇಳದಿಲ್ಲೆ." ಅವರು ಅವನ ಹಣೆಯ ಬೆವರು ಒರೆಸಿದರು. "ಈ ವಯಸ್ಸಲ್ಲಿ ಇನ್ಯಾರು ಓಡಿ ಬತ್ತ ಎನ್ನ ಹತ್ರ?"

ಬಸ್ಸಿನಲ್ಲಿ ಜೋಡಿಸಿದ್ದ ಮಾತೊಂದೂ ಬೇಕಾಗಲಿಲ್ಲ. "ಮನೆಗೆ ಬನ್ನಿ ಅತ್ತೆ" ಎಂದಷ್ಟೇ ಹೇಳಿದೆ.

"ಬತ್ತೆ. ಆದ್ರೆ ಒಂದು ಮಾತು. ಆನು ಅವನ ಸಾಕ್ತಾ ಇದ್ದಾಗ ನೀನು ಪರೀಕ್ಷೆ ಮಾಡವರ ಹಾಂಗೆ ನೋಡ್ತಾ ನಿಲ್ಲಲಾಗ."

ಒಪ್ಪಿಕೊಂಡೆ. ಅದು ಸುಲಭವಾಗಿರಲಿಲ್ಲ, ಕಲಿತ ಕಣ್ಣು ತಾನಾಗಿ ನೋಡುತ್ತದೆ.

ಅತ್ತೆ ಶಿರಸಿಗೆ ಮರಳಿದ ಮೇಲೆ ಬೆಳಗಿನ ಹೊತ್ತು ಕಠಿಣವಾಯಿತು. ಇನ್ನು ಕದ್ದು ಹೋಗುವುದಿಲ್ಲ ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಚೀಲ ಹೆಗಲಿಗೇರಿಸಿ ಅವನ ಎದುರು ಕೂತು, "ಆಯಿ ಬಸ್ಸಲ್ಲಿ ಹೋಗ್ತು. ಸಂಜೆ ಬತ್ತು" ಎನ್ನುತ್ತಿದ್ದೆ. ಅವನು ಚೀಲದ ಪಟ್ಟಿ ಹಿಡಿದು ಚೀರುತ್ತಿದ್ದ. ಬೆರಳು ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು. ಎದುರು ಮನೆಯಾಕೆ ಕಿಟಕಿ ತೆಗೆದು "ಎಂತ ಆತು? ಹೊಡದ್ರಾ?" ಎಂದು ಕೇಳಿದಳು. ಮೊದಲ ವಾರ ಅತ್ತೆಯೇ ತಡೆಯಲಾರದೆ "ಹಿಂದಿಂದೇ ಸಮ ಇತ್ತು ಕಾಣ್ತು" ಎಂದರು. ನಾನೂ ಬಸ್ಸಿನಲ್ಲಿ ಕೂತು, ಇದು ಸರಿಯೋ ತಪ್ಪೋ ಎಂದು ಯಲ್ಲಾಪುರದವರೆಗೂ ತೊಳಲಾಡುತ್ತಿದ್ದೆ. ಆದರೂ ಅತ್ತೆ ಅವನನ್ನು ಎತ್ತಿಕೊಂಡು ಗೇಟಿನವರೆಗೆ ಬಂದು ನಿಲ್ಲುವುದನ್ನು ಬಿಡಲಿಲ್ಲ. "ಅಳು, ಅಳು. ಆಯಿ ಹೋದ್ರೆ ಬ್ಯಾಜಾರು ಆಗ್ತು ಅಲ್ದ? ಎಂಗೂ ಆಗ್ತು" ಎನ್ನುತ್ತಿದ್ದರು. ನಾನು ಹೋದಾಗ ಅವರಿಗೆ ಬೇಜಾರಾಗುತ್ತಿತ್ತೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಚೀರಾಟ ಬಿಕ್ಕಾಯಿತು, ಬಿಕ್ಕು ಮುಖ ಊದಿಸಿಕೊಳ್ಳುವುದಕ್ಕೆ ಇಳಿಯಿತು. ಸಂಜೆ ಕೆಲವು ದಿನ ಓಡಿ ಬರುತ್ತಿದ್ದ, ಕೆಲವು ದಿನ ಇಲ್ಲ. ತಂಡದ ಕೆಲಸ ಮುಗಿದು ಮೇಡಂ ಊರಿಗೆ ಹೋದರು. ಹೋಗುವ ಮುಂಚೆ ಕೆಲವು ಅಜ್ಜಿಯರನ್ನೂ ಆ ಕೋಣೆಗೆ ಕರೆಸಿದ್ದರು. ಅದರಿಂದ ಏನು ತಿಳಿಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ನನಗೆ ಯಲ್ಲಾಪುರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು.

ಕಳೆದ ತಿಂಗಳು ಸೋಂದಾದಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೋಗಿದ್ದೆವು. ಒಬ್ಬ ತಾಯಿ ತನ್ನ ಮಗುವಿಗೆ ಯಾರೋ ಬಲೂನು ತೋರಿಸುತ್ತಿದ್ದಾಗ ಕಣ್ಣು ತಪ್ಪಿಸಿ ಊಟದ ಪಂಕ್ತಿಗೆ ಜಾರುತ್ತಿದ್ದಳು. ಅತ್ತೆ ಅವಳ ಮೊಣಕೈ ಹಿಡಿದು ನಿಲ್ಲಿಸಿದರು.

"ಹೇಳಿ ಹೋಗೆ ತಂಗಿ."

"ಹೇಳಿದ್ರೆ ಅಳ್ತಲ ದೊಡ್ಡಾಯಿ."

"ಅಳಲಿ. ಆನು ಎತ್ತಿಕತ್ತೆ" ಎಂದು ಅತ್ತೆ ಮಗುವಿಗೆ ಕೈ ಚಾಚಿದರು.