ಸೆರಗಿನಲ್ಲಿ ಸೋಸಿದ ಸ್ಯಾಂಪಲ್

ಫೋನಿನಲ್ಲಿ ನಾನು ಬರೆದ ಮೊದಲ ಉದ್ದನೆಯ ಮಾತು ಒಂದು ದೂರು. ಅದಕ್ಕೆ ಮುಂಚೆ ಸೊಸೆಗೆ "ಚಾ ತಾ" ಎಂದಷ್ಟೇ ಒತ್ತಿ ಕಳಿಸುತ್ತಿದ್ದೆ. ಅವಳು ಎದುರಿಗೇ ಕೂತಿರುತ್ತಿದ್ದಳು.

ನಮ್ಮೂರು ಸಿಂಧನೂರಿನಾಚೆ, ಹೊಳೆ ದಂಡೆಯಲ್ಲಿದೆ. ಊರ ಮೇಲ್ಗಡೆ ಒಂದು ಅಕ್ಕಿ ಮಿಲ್ಲು. ಭತ್ತ ನೆನೆಸಿ ಕುದಿಸಿದ ನೀರನ್ನೂ ಹೊಟ್ಟು ಸುಟ್ಟ ಬೂದಿಯನ್ನೂ ಹಳ್ಳಕ್ಕೆ ಬಿಡುತ್ತದೆ. ಹಳ್ಳ ಹೋಗಿ ಹೊಳೆಗೆ ಬೀಳುತ್ತದೆ. ಬಿದ್ದ ಜಾಗದಿಂದ ನೂರು ಹೆಜ್ಜೆ ಕೆಳಗೆ ಊರ ಟಾಕಿಗೆ ಕುಡಿಯುವ ನೀರೆತ್ತುವ ಪಂಪು. ಇಷ್ಟು ಉದ್ದದ ಹೊಳೆಯಲ್ಲಿ ಇದೇ ಜಾಗ ಹುಡುಕಿದವರ ಬುದ್ಧಿವಂತಿಕೆಗೆ ಶಾಲು ಹೊದಿಸಬೇಕು. ನಮ್ಮ ಎಮ್ಮೆ ಆ ನೀರಿಗೆ ಮೂತಿ ಇಡುವುದಿಲ್ಲ. ನಾವು ಕುಡಿಯುತ್ತೇವೆ.

ದೂರು ಓದಿ ಮಾಲಿನ್ಯ ಮಂಡಳಿಯ ಒಬ್ಬ ಸಾಹೇಬ ಜೀಪಿನಲ್ಲಿ ಬಂದ. ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ನೀರು ಕೆಟ್ಟಿದೆ ಎಂದು ವರದಿ ಬಂದರೆ ಮಿಲ್ಲಿನ ಪೈಪು ಮುಚ್ಚಿಸುತ್ತೇನೆ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ಹಳ್ಳ ಸೇರುವ ಕಡೆ ಮೊಳಕಾಲಿನವರೆಗೆ ಕೆಸರು. ಅದನ್ನು ನೋಡಿ, ತನ್ನ ಬೂಟನ್ನು ನೋಡಿಕೊಂಡ.

"ಅಮ್ಮಾ, ನಿಮಗ ಇದು ರೂಢಿ ಐತಿ. ಈ ಬಾಟ್ಲಿ ತುಂಬಿ ಕೊಡ್ರಿ."

"ಪಗಾರ ನಿಮಗ, ಕೆಸರು ನಮಗ. ಕೊಡ್ರಿ ಇಲ್ಲಿ."

ಸೀರೆ ಎತ್ತಿಕಟ್ಟಿ ಇಳಿದು ತುಂಬಿಕೊಟ್ಟೆ. ಸಾಹೇಬ ಅದಕ್ಕೆ ಚೀಟಿ ಅಂಟಿಸಿದ. ಮಿಲ್ಲಿನ ಮ್ಯಾನೇಜರ್ ಫ್ಲಾಸ್ಕಿನಲ್ಲಿ ಚಹಾ ತಂದಿದ್ದ. ಚಹಾದ ನೀರು ಮಾತ್ರ ಊರಿನದಲ್ಲ, ಕ್ಯಾನಿನದು. ಜಾಣ ಕತ್ತೆ.

ಕೆಲವು ದಿನದ ಮೇಲೆ ವರದಿ ಬಂತು: ನೀರು ತಿಳಿಯಾಗಿದೆ, ಎಲ್ಲವೂ ಮಿತಿಯೊಳಗಿದೆ. ಮ್ಯಾನೇಜರ್ ಅದರ ಫೋಟೋ ತೆಗೆದು ಊರಿನ ಎಲ್ಲರ ಫೋನಿಗೂ ಹಾಕಿದ. ನನಗೆ ಎರಡು ಸಲ ಹಾಕಿದ. ಸಾಹೇಬ ಲಂಚ ತಿಂದಿದ್ದಾನೆ ಎಂದು ನಾನು ಕಟ್ಟೆಯ ಮೇಲೆ ಕೂತು ಬಾಯಿಗೆ ಬಂದಂತೆ ಬೈದೆ.

ಮರುದಿನ ಸೊಸೆ, ಬಾಟ್ಲಿ ತುಂಬಿದ ದಿನ ನಾನು ಉಟ್ಟು ಮೂಲೆಗೆ ಹಾಕಿದ್ದ ಸೀರೆಯನ್ನು ಒಗೆಯಲು ತೆಗೆದಳು.

"ಅತ್ತೀ, ಸೆರಗಿಗೆ ಏನಿದು, ಕಾಡಿಗಿ ಹಚ್ಚಿದಂಗ?"

ಸೆರಗಿನಲ್ಲಿ ಬಾಟ್ಲಿಯ ಬಾಯಿಯಷ್ಟೇ ದುಂಡಗೆ ಬೂದಿ ಕೂತಿತ್ತು.

ಮದುವೆಯಾಗಿ ಬಂದಾಗಿನಿಂದ ಹೊಳೆಯಲ್ಲಿ ಕೊಡ ತುಂಬಿದ ಕೈ ಇದು. ಬಾಟ್ಲಿ ಕೈಗೆ ಬಂದದ್ದೇ ತಡ, ಅಂಗೈಯಲ್ಲಿ ನೊರೆ ಸರಿಸಿ, ಬಾಯಿಗೆ ಸೆರಗು ಹಾಸಿ, ಸೋಸಿ ತುಂಬಿದ್ದೆ. ಹೊಲಸು ಬೇಕು ಎಂದು ಕೇಳಿದವನಿಗೆ ಹೊಲಸು ತೆಗೆದು ಕೊಟ್ಟಿದ್ದೆ! ಸಾಹೇಬ ದಂಡೆಯ ಮೇಲೆ ನಿಂತು ನೋಡುತ್ತಲೇ ಇದ್ದ. ಅವನಿಗೂ ತಿಳಿಯಲಿಲ್ಲ. ಓದಿದ ದಡ್ಡ ಒಬ್ಬ, ಓದದ ದಡ್ಡಿ ಒಬ್ಬಳು. ಪಗಾರ ಮಾತ್ರ ಅವನಿಗೆ.

ಸೀರೆಯನ್ನು ಚೀಲಕ್ಕೆ ತುರುಕಿ, ಆಟೋ ಹತ್ತಿ ಅವನ ಆಫೀಸಿಗೆ ಹೋದೆ. ಟೇಬಲ್ಲಿನ ಮೇಲೆ ಸೆರಗು ಬಿಡಿಸಿದೆ.

"ಲ್ಯಾಬಿನ್ಯಾಗ ಸೀರಿ ತೊಗೊಳಂಗಿಲ್ಲಮ್ಮಾ," ಎಂದ.

"ಹಂಗಾದ್ರ ನೀವ ಬಂದು ತುಂಬ್ರಿ. ಮುದುಕಿ ಕಡಿಂದ ಸ್ಯಾಂಪಲ್ ತುಂಬಿಸ್ಯಾರಂತ ನಿಮ್ಮ ದೊಡ್ಡ ಸಾಹೇಬ್ರಿಗೆ ಬರೀಲೇನು? ಈಗ ಫೋನಿನ್ಯಾಗ ಒತ್ತಾಕ ಕಲ್ತೀನಿ. ಒಂದೊಂದ ಅಕ್ಷರ ಹುಡುಕಿ ಒತ್ತತೀನಿ, ಆದ್ರ ಬಿಡಂಗಿಲ್ಲ."

ಮೂರನೇ ದಿನ ಬಂದ. ಬೂಟು ಬಿಚ್ಚಿದ, ಪ್ಯಾಂಟು ಮಡಚಿದ, ಮೂಗು ಮುಚ್ಚಿ ಕೆಸರಿಗೆ ಇಳಿದ. ಬಾಟ್ಲಿ ಮುಳುಗಿಸುವ ಮುಂಚೆ ಅವನ ಅಂಗೈ ತಾನಾಗಿಯೇ ನೊರೆ ಸರಿಸಲು ಹೋಯಿತು.

"ಏ ಸಾಹೇಬ್ರ, ಕೈ ತೆಗೀರಿ!" ಎಂದು ದಂಡೆಯಿಂದ ಒದರಿದೆ.

ಕೈ ಹಿಂದೆಗೆದ. ಈ ಸಲದ ಬಾಟ್ಲಿಯಲ್ಲಿ ಆಚೆಯ ಬೆಳಕು ಕಾಣಲಿಲ್ಲ. ಮ್ಯಾನೇಜರ್ ಫ್ಲಾಸ್ಕು ತಂದಿರಲಿಲ್ಲ.

ವರದಿ ಇನ್ನೂ ಬಂದಿಲ್ಲ. ಪಂಪು ಓಡುತ್ತಲೇ ಇದೆ. ಆ ಸೀರೆ ಗೂಟಕ್ಕೆ ನೇತಾಡುತ್ತಿದೆ. ನಿನ್ನೆ ಸೊಸೆ ಮೂಗು ಮುರಿದಳು.

"ಅತ್ತೀ, ನಾತ ಹೊಡ್ಯಾಕತ್ತೈತಿ. ಒಗದು ಹಾಕ್ಲೇನು?"

"ಹಾಕವ್ವಾ," ಎಂದೆ. "ಯಾವ ನೀರಾಗ ಒಗೀತಿ?"